ಕೆಲಸ ನೋಡುವ ಕೆಲಸ

ಕೆಲಸ ಇಲ್ಲದವನಿಗೆ ಬಿಡುವು ಜಾಸ್ತಿ ಎಂದು ನಂಬಿದವರು ಒಮ್ಮೆ ಕೆಲಸ ಕಳೆದುಕೊಂಡು ನೋಡಬೇಕು. ಕೆಲಸದಲ್ಲಿದ್ದಾಗ ನನ್ನ ಬದುಕಿನಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ಹೆಚ್ಚು. ಗಿರಣಿ ಮುಚ್ಚಿದ ಮೇಲೆ ವಾರಕ್ಕೊಂದು ನಡೆಯತೊಡಗಿತು, ಅದೂ ಪ್ರತಿಸಲ ನನ್ನ ಖರ್ಚಿನಲ್ಲಿ.

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ನಾನು ತೂಕದ ಗುಮಾಸ್ತ. ಲಾರಿಯಿಂದ ಇಳಿದ ಮೂಟೆ ತಕ್ಕಡಿಗೆ ಬಂದರೆ ತೂಕ ಕೂಗಿ ಬರೆದುಕೊಳ್ಳುವುದು ನನ್ನ ಕೆಲಸ. ಮೂಟೆ ಹೊರುವವರು ಬೇರೆ. ನಾನು ಹೊರುತ್ತಿದ್ದದ್ದು ಕಿವಿಯ ಮೇಲಿನ ಪೆನ್ನು ಮಾತ್ರ. ಒಂದು ದಿನ ಮಾಲೀಕರು ನಮ್ಮನ್ನೆಲ್ಲ ಕರೆದು, ಹೊರಗಿನ ಎಣ್ಣೆಯ ಮುಂದೆ ನಮ್ಮ ಎಣ್ಣೆ ನಿಲ್ಲುವುದಿಲ್ಲ ಎಂದು ಹೇಳಿ, ಕಣ್ಣೊರೆಸಿಕೊಂಡು, ಬೀಗ ಹಾಕಿದರು. ಊರಲ್ಲಿ ಆಗಲೇ ಬಿ.ಇ. ಓದಿದವರು, ಬಿ.ಎಡ್. ಓದಿದವರು ಕೆಲಸಕ್ಕೆ ಸಾಲುಗಟ್ಟಿದ್ದರು. ನಾನು ನನ್ನ ಬಿ.ಕಾಂ. ಹಿಡಿದುಕೊಂಡು ಆ ಸಾಲಿನ ಬಾಲಕ್ಕೆ ಹೋಗಿ ನಿಂತೆ.

ಮನೆಯಲ್ಲಿ ಅವ್ವ, ಹೆಂಡತಿ, ಸಣ್ಣ ಮಗಳು. ಹೆಂಡತಿ ಮೊಳಕಾಲ್ಮೂರಿನ ನೇಕಾರರ ಮನೆಯವಳು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಗಿರಣಿ ಮುಚ್ಚಿದ ಮೇಲೆ ನಮ್ಮ ಮನೆ ನಿಂತದ್ದು ಆ ಕುಚ್ಚಿನ ಮೇಲೆಯೇ. ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ. "ಮಗಳ ಸ್ಕೂಲು ಶುರುವಾಗೋದ್ರೊಳಗೆ ಏನಾದ್ರೂ ಒಂದು ಹಿಡ್ಕಳ್ರಿ. ಅಲ್ಲೀತನಕ ನನ್ನ ಬೆರಳು ತಡಕಂತಾವೆ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಬೈಯದೆ ಬಿಟ್ಟಿದ್ದರಿಂದ ಕೆಲಸ ಹುಡುಕದೆ ಬೇರೆ ದಾರಿಯೇ ಉಳಿಯಲಿಲ್ಲ.

೧. ಹೆಂಗೂ ಖಾಲಿ ಇದೀಯಲ್ಲ

ನನ್ನ ಕೆಲಸ ಹೋದ ಸುದ್ದಿ ಬೀದಿಗೆಲ್ಲ ಮುಟ್ಟಲು ಒಂದು ಸಂಜೆ ಸಾಕಾಯಿತು. ಮರುದಿನ ಬೆಳಿಗ್ಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಬಹಳ ಮರುಗಿದರು. ಮರುಗಿ ಮುಗಿದ ಮೇಲೆ ಬೆನ್ನ ಹಿಂದಿನಿಂದ ಒಂದು ಚೀಲ ತೆಗೆದು, "ಹೆಂಗೂ ಖಾಲಿ ಇದೀಯಲ್ಲ, ಈ ಮಿಕ್ಸಿ ರಿಪೇರಿಗೆ ಕೊಟ್ಟು ಬರ್ತೀಯಾ?" ಎಂದರು.

ಅಲ್ಲಿಂದ ಶುರುವಾಯಿತು. ಪಕ್ಕದ ಮನೆಯ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವವನು ನಾನು. ಮೂಲೆಮನೆಯವರ ರಾಗಿ ಬೀಸಿಸಿಕೊಂಡು ಬರುವವನು ನಾನು. ಯಾರದೋ ಮನೆಗೆ ನೆಂಟರು ಬಂದರೆ ಬಸ್‌ಸ್ಟ್ಯಾಂಡಿನಲ್ಲಿ ಕಾದು ಅವರ ಬ್ಯಾಗು ಹೊರುವವನೂ ನಾನೇ. ಗಿರಣಿಯಲ್ಲಿ ಊಟಕ್ಕೆ ಬಿಡುವಾದರೂ ಇತ್ತು, ಭಾನುವಾರ ರಜೆಯಾದರೂ ಇತ್ತು. ಖಾಲಿ ಇರುವವನಿಗೆ ಎರಡೂ ಇಲ್ಲ.

ಅಂತೂ ಒಂದು ದಿನ ಹಿರಿಯೂರಿನ ಅಂಗಡಿಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟವನನ್ನು ಮೇಷ್ಟ್ರು ಗೇಟಿನಲ್ಲೇ ತಡೆದರು.

"ಎಲ್ಲಿಗಪ್ಪಾ ಇಷ್ಟು ಟಾಕುಟೀಕಾಗಿ?"

"ಕೆಲಸದ ಇಂಟರ್‌ವ್ಯೂಗೆ ಸಾರ್."

ಅವರ ಮುಖ ಬಾಡಿತು. "ಒಳ್ಳೇದಾಗ್ಲಿ. ಆದ್ರೆ ನಾಳೆ ನಮ್ಮನೆ ಗ್ಯಾಸ್ ಸಿಲಿಂಡರ್ ಬರ್ತೈತೆ. ನಿನಗೆ ಕೆಲಸ ಸಿಕ್ಕಿಬಿಟ್ರೆ ನಮ್ಮ ಬೀದಿ ಗತಿ ಏನು ಅಂತ ಯೋಚನೆ ಮಾಡಿದೀಯಾ?"

ಅವರ ಹಾರೈಕೆ ಯಾವ ಕಡೆಗಿತ್ತೋ ಗೊತ್ತಿಲ್ಲ. ಕೆಲಸ ಸಿಗಲಿಲ್ಲ. ಮರುದಿನ ಸಿಲಿಂಡರ್ ಮಾತ್ರ ನಾನೇ ಎತ್ತಿ ಒಳಗಿಟ್ಟೆ.

೨. ಇಂಜಿನಿಯರ್ ಸಾರು

ಅವ್ವನಿಗೆ ಸುಳ್ಳು ಹೇಳಿ ರೂಢಿಯಿಲ್ಲ, ನಿಜ ಹೇಳಲು ಮನಸ್ಸು ಬಾರದು. ಹಾಗಾಗಿ ಯಾರಾದರೂ "ಮಗ ಈಗ ಏನ್ ಮಾಡ್ತಾನಮ್ಮಾ?" ಎಂದು ಕೇಳಿದರೆ, "ಕೆಲ್ಸ ನೋಡ್ತಾ ಇದಾನೆ" ಎನ್ನುತ್ತಿದ್ದಳು. ಕೇಳಿದವರು ಎಲ್ಲೋ ಮೇಲ್ವಿಚಾರಕನಾಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ನಿಜಕ್ಕೂ ನಾನು ಕೆಲಸ ನೋಡುತ್ತಲೇ ಇದ್ದೆ. ನಮ್ಮ ಬೀದಿಯಲ್ಲಿ ಆಗ ಚರಂಡಿ ಕೆಲಸ ನಡೆದಿತ್ತು. ಜೆಸಿಬಿ ನೆಲ ಅಗೆಯುವುದನ್ನು ನೋಡುವ ಸುಖ ಕೆಲಸ ಇಲ್ಲದವನಿಗೇ ಗೊತ್ತು. ಬೆಳಿಗ್ಗೆ ತಿಂಡಿ ಮುಗಿಸಿ, ಸಂದರ್ಶನದ ಅದೇ ಅಂಗಿ ಹಾಕಿಕೊಂಡು, ಕೈ ಹಿಂದೆ ಕಟ್ಟಿ ಗುಂಡಿಯ ದಂಡೆಯ ಮೇಲೆ ನಿಂತುಬಿಡುತ್ತಿದ್ದೆ. ಎರಡು ಮೂರು ದಿನ ನೋಡಿದ ಮೇಲೆ ಬಿ.ಜಿ. ಕೆರೆ ಕಡೆಯಿಂದ ಬಂದಿದ್ದ ಕೂಲಿಯವನೊಬ್ಬ ಗುಂಡಿಯೊಳಗಿಂದ ತಲೆಯೆತ್ತಿ ಕೇಳಿದ:

"ಸಾರ್, ಇಷ್ಟು ಆಳ ಸಾಕಾ?"

ನಾನು ಸಾರ್ ಅಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ನನ್ನನ್ನು ಸಾರ್ ಎಂದು ಕರೆದು, ನನ್ನ ಅಭಿಪ್ರಾಯ ಕೇಳಿ, ಎಷ್ಟೋ ತಿಂಗಳಾಗಿತ್ತು. ಬಗ್ಗಿ ನೋಡಿದೆ. ಗಲ್ಲ ಸವರಿಕೊಂಡೆ. "ಇನ್ನೊಂದು ಚೂರು ಹೋಗ್ಲಿ" ಎಂದೆ.

ಇನ್ನೊಂದು ಚೂರು ಹೋಯಿತು. ಕೂಡಲೇ ನೀರು ನನ್ನ ಇಸ್ತ್ರಿ ಅಂಗಿಯವರೆಗೂ ಚಿಮ್ಮಿತು. ಒಡೆದದ್ದು ಕುಡಿಯುವ ನೀರಿನ ಪೈಪು. ಇಡೀ ಬೀದಿಯಲ್ಲಿ ಬೇರೆ ಯಾರದೂ ಅಲ್ಲ, ನಮ್ಮನೆಯದೇ.

ಹೆಂಡತಿ ಅರ್ಧ ತುಂಬಿದ ಕೊಡ ಹಿಡಿದುಕೊಂಡು ಹೊರಗೆ ಬಂದಳು. "ಯಾರಪ್ಪಾ ನಿಮಗೆ ಇಲ್ಲಿ ಅಗೀರಿ ಅಂದಿದ್ದು?"

"ಸಾರ್ ಹೇಳಿದ್ರಮ್ಮಾ" ಎಂದ ಕೂಲಿಯವನು ಬಹಳ ಮರ್ಯಾದೆಯಿಂದ ನನ್ನ ಕಡೆ ಕೈ ತೋರಿಸಿ.

ಅವಳು ನನ್ನನ್ನು ದಾಟಿ ಬೀದಿಯ ಆ ತುದಿಯವರೆಗೆ ನೋಡಿದಳು. "ಎಲ್ಲಿದಾರೆ ಸಾರು?"

ತಪ್ಪು ನನ್ನದು, ಕೆಸರು ಕೂಲಿಯವರದು. ಮೊಣಕಾಲುದ್ದ ರಾಡಿಯಲ್ಲಿ ನಿಂತು ಅವರು ಪೈಪು ಸರಿಮಾಡಿದರು. ನಲ್ಲಿಯಲ್ಲಿ ನೀರು ಬರುವತನಕ ಊಟಕ್ಕೆ ಏಳಲಿಲ್ಲ. ಎದ್ದ ಮೇಲೆ ಮಣ್ಣಿನ ಗುಡ್ಡೆಯ ಮೇಲೆ ಬುತ್ತಿ ಬಿಚ್ಚಿ, ನನ್ನ ಕೈಗೂ ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ ಇಟ್ಟರು. ನನಗೆ ನಾಚಿಕೆಯಾಗಿ, ನಾನು ಸಾರೂ ಅಲ್ಲ, ಇಂಜಿನಿಯರೂ ಅಲ್ಲ, ಕೆಲಸ ಹೋಗಿರುವವನು ಎಂದು ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಬುಟ್ಟಿ ಹೊರುತ್ತಿದ್ದ ಹೆಂಗಸು ಮಾತ್ರ ಸಮಾಧಾನದಿಂದ, "ಅದಕ್ಯಾಕಣ್ಣ ಚಿಂತೆ? ನಮಗೆ ದಿನಾ ಸಂಜೆ ಕೆಲ್ಸ ಹೋಗ್ತೈತೆ. ಬೆಳಗ್ಗೆ ಎದ್ದು ಹುಡುಕ್ತೀವಿ, ಸಿಗ್ತೈತೆ" ಎಂದಳು. ಆ ಮಾತು ನನಗೆ ಬಹಳ ದಿನ ಊರುಗೋಲಾಯಿತು.

ರಾತ್ರಿ ಊಟಕ್ಕೆ ಕೂತಾಗ ಅವ್ವ ತಟ್ಟೆ ಇಡುತ್ತ ಹೇಳಿದಳು: "ಇಷ್ಟು ದಿನ ಕೆಲ್ಸ ನೋಡಿದ್ದು ಸಾಕು ಕಣಪ್ಪಾ. ನೋಡದೆ ಮಾಡೋ ಕೆಲ್ಸ ಯಾವುದಾದ್ರೂ ಇದ್ರೆ ನೋಡು."

೩. ಪನಿ

ಹೆಸರಿಗೆ ನಮ್ಮದು ತೆಲುಗು ಮಾತಾಡುವ ಮನೆ. ತಾತ ಚಳ್ಳಕೆರೆಗೆ ಬಂದು ನೆಲೆನಿಂತ ಮೇಲೆ ಗಿರಣಿಗಳ ಸದ್ದಿನಲ್ಲಿ ಆ ತೆಲುಗು ಎಲ್ಲೋ ಕಳೆದುಹೋಯಿತು. ನನಗೆ ಕೇಳಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಕೆಡುತ್ತದೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಮಾವನವರು ಅಲ್ಲಿಯ ನೇಕಾರರೇ. ಅವರನ್ನು ಕೇಳಬಹುದಿತ್ತು. ಆದರೆ ನನ್ನ ಕೆಲಸ ಹೋದದ್ದನ್ನು ನಾವು ಆ ಮನೆಗೆ ಇನ್ನೂ ತಿಳಿಸಿರಲಿಲ್ಲ. ಅಳಿಯ ಎಂದ ಮೇಲೆ ಸ್ವಲ್ಪ ಬಿಗುಮಾನ ಇರಬೇಕಲ್ಲ. ಅವರ ಬೀದಿಯನ್ನು ತಪ್ಪಿಸಿ ಊರಿನ ಇನ್ನೊಂದು ಬದಿಯ, ತೆಲುಗು ಮಾತಾಡುವ ನೇಕಾರರ ಬೀದಿಗೆ ಹೋದೆ. ತೆಲುಗಿನಲ್ಲಿ ಕೇಳಿದರೆ ನಮ್ಮವನು ಎಂದು ಹತ್ತಿರ ಮಾಡಿಕೊಂಡಾರು ಎಂಬ ಆಸೆಯಿಂದ, ಬಸ್ಸಿನುದ್ದಕ್ಕೂ ಎರಡೇ ಎರಡು ಶಬ್ದ ಬಾಯಿಪಾಠ ಮಾಡಿದ್ದೆ. ತೆಲುಗಿನಲ್ಲಿ ಕೆಲಸಕ್ಕೆ ಪನಿ ಎನ್ನುತ್ತಾರೆ. "ಪನಿ ಉಂದಾ?" ಎಂದರೆ "ಕೆಲಸ ಇದೆಯಾ?" ಎಂದರ್ಥ.

ಮೊದಲ ಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಿದೆ: "ಪಾನಿ ಉಂದಾ?"

ಒಳಗಿದ್ದ ಅಜ್ಜಿ ನನ್ನ ಬೆವರಿದ ಮುಖ ನೋಡಿ, "ಅಯ್ಯೋ ಪಾಪಂ" ಎಂದು ಒಂದು ಚೊಂಬು ನೀರು ತಂದುಕೊಟ್ಟರು. ಇದು ಉಪಚಾರ, ಕೆಲಸದ ಮಾತು ಆಮೇಲೆ ಬರುತ್ತದೆ ಎಂದುಕೊಂಡು ಪೂರ್ತಿ ಕುಡಿದೆ. ಅಜ್ಜಿ ಚೊಂಬು ತೆಗೆದುಕೊಂಡು ಒಳಗೆ ಹೋದವರು ಮತ್ತೆ ಬರಲಿಲ್ಲ.

ಎರಡನೇ ಮನೆಯಲ್ಲೂ "ಪಾನಿ ಉಂದಾ?" ಅಲ್ಲಿ ಮಡಕೆಯ ನೀರು, ತಣ್ಣಗಿತ್ತು. ಮೂರನೇ ಮನೆಯವರು ಮಜ್ಜಿಗೆಯನ್ನೇ ಕೊಟ್ಟರು. ಎಂಥ ಸಂಸ್ಕಾರದ ಜನ, ಕೆಲಸ ಕೇಳಿದವನನ್ನು ಬರಿಬಾಯಲ್ಲಿ ಕಳಿಸುವುದಿಲ್ಲವಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಬೀದಿಯ ಕೊನೆಗೆ ಬರುವಷ್ಟರಲ್ಲಿ ನೀರು ಹೊಟ್ಟೆಯಲ್ಲಿ ತುಳುಕುವ ಸದ್ದು ನನಗೇ ಕೇಳುತ್ತಿತ್ತು. ಈಗ ನನಗೆ ಕೆಲಸಕ್ಕಿಂತ ತುರ್ತಾಗಿ ಬೇಕಾದದ್ದು ಬೇರೆಯೇ ಇತ್ತು, ಅದಕ್ಕೆ ತೆಲುಗಿನಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆ ಮೊದಲ ಮನೆಯ ಅಜ್ಜಿಗೆ ನನ್ನ ಗುರುತು ಹತ್ತಿತ್ತು. ನಮ್ಮ ಮದುವೆಯಲ್ಲಿ ಊಟ ಮಾಡಿದವರಂತೆ. ನೇರವಾಗಿ ಮಾವನ ಮನೆಗೆ ಹೋಗಿ, ನಿಮ್ಮ ಅಳಿಯ ಮನೆಮನೆಗೆ ಹೋಗಿ ನೀರು ಬೇಡುತ್ತಿದ್ದಾನೆ ಎಂದು ಹೇಳಿಬಿಟ್ಟರು. ಮಾವ ಲುಂಗಿಯಲ್ಲೇ ಓಡಿಬಂದು ನನ್ನನ್ನು ಮನೆಗೆ ಕರೆದೊಯ್ದು ಕೂರಿಸಿ, ಅಕ್ಕಪಕ್ಕ ನೋಡಿ, ಮೆಲ್ಲಗೆ ಕೇಳಿದರು: "ಚಳ್ಳಕೆರೆಯಾಗೆ ನೀರಿಗೆ ಅಷ್ಟೊಂದು ಕಷ್ಟ ಐತಾ ಅಳಿಯಂದ್ರೇ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. ಏನೆಂದು ಕೇಳಿದೆ ಎಂಬುದನ್ನೂ ಹೇಳಿ ತೋರಿಸಿದೆ. ಮಾವ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. "ಅಳಿಯಂದ್ರೇ, ಕೆಲ್ಸ ಅಂದ್ರೆ ಪನಿ. ಪಾನಿ ಅಂದ್ರೆ ಸಂತೆಯಾಗೆ ಸಾಬರು ಹೇಳೋ ನೀರು. ನೀವು ಕೇಳಿದ್ದನ್ನೇ ಅವರು ಕೊಟ್ಟವ್ರೆ."

ಒಂದು ದೀರ್ಘ ಹೆಚ್ಚಾಗಿದ್ದಕ್ಕೆ ನನ್ನ ಕೆಲಸದ ಆಸೆ ಹೀಗೆ ನೀರುಪಾಲಾಯಿತು.

೪. ಹುಳ

ವಿಷಯ ಬಯಲಾದ ಮೇಲೆ, ಎರಡು ದಿನ ಇಲ್ಲೇ ಇದ್ದು ಮಗ್ಗ ಕಲಿಯುತ್ತೇನೆ ಎಂದು ಮಾವನಿಗೆ ಹೇಳಿದೆ. ಅವರು ಪೇಚಿಗೆ ಸಿಕ್ಕಿದರು. ಬೇರೆ ಯಾರಾದರೂ ಆಗಿದ್ದರೆ ಬೈದು, ಮೊಟಕಿ ಕಲಿಸಬಹುದು. ಅಳಿಯನಿಗೆ ಹಾಗೆ ಮಾಡುವಂತಿಲ್ಲ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಮರುದಿನ ಬೆಳಿಗ್ಗೆ ಅತ್ತೆಯಂತೂ, ಅಳಿಯನನ್ನು ಗುಂಡಿಗೆ ಇಳಿಸಿದರು ಎಂದು ಬೀದಿಯವರು ಆಡಿಕೊಂಡಾರು ಎಂದು ಮುಂಬಾಗಿಲನ್ನೇ ಹಾಕಿಬಿಟ್ಟರು.

ಕೂತೆ. ಲಾಳಿ ಆ ಕಡೆ ಹೋಗು ಎಂದರೆ ನನ್ನ ಮಡಿಲಿಗೆ ಬಂತು. ಬಲಗಾಲು ಒತ್ತಬೇಕಾದಲ್ಲಿ ಎಡಗಾಲು ಒತ್ತಿದೆ. ಎಳೆಗಳು ಒಂದೊಂದಾಗಿ ತುಂಡಾಗುತ್ತಿದ್ದವು. ಪ್ರತಿ ಎಳೆ ಕಡಿದಾಗಲೂ ಮಾವನ ಮುಖದಲ್ಲಿ ಒಂದು ನೋವು ಬಂದು ಹೋಗುತ್ತಿತ್ತು, ಬಾಯಿಂದ ಮಾತ್ರ "ಪರವಾಗಿಲ್ಲ, ಪರವಾಗಿಲ್ಲ" ಎಂದೇ ಬರುತ್ತಿತ್ತು. ಅತ್ತೆ ಬಂದು, "ಹೆಂಗ್ ನೇಯ್ತಾರೆ ಅಳಿಯಂದ್ರು?" ಎಂದು ಕೇಳಿದರು. ಮಾವ ಸುಳ್ಳು ಹೇಳುವ ಮನುಷ್ಯರಲ್ಲ. ಸ್ವಲ್ಪ ಯೋಚಿಸಿ, "ಬಾಳ ಚೆಂದ ಕೂತ್ಕಂತಾರೆ" ಎಂದರು.

ಮಧ್ಯಾಹ್ನ ಹೋಳಿಗೆ ಊಟ. ಉಂಡು ಮಲಗಿದವನಿಗೆ ಎಚ್ಚರವಾದಾಗ ಒಳಗಿನಿಂದ ಸದ್ದೇ ಇಲ್ಲ. ಇಣುಕಿ ನೋಡಿದೆ. ಮಾವ ಮಗ್ಗದ ಮೇಲೆ ಬಗ್ಗಿ, ನಾನು ಬೆಳಗಿನಿಂದ ನೇಯ್ದದ್ದನ್ನೆಲ್ಲ ಬೆರಳು ಒದ್ದೆ ಮಾಡಿಕೊಂಡು ಎಳೆ ಎಳೆಯಾಗಿ ಬಿಚ್ಚುತ್ತಿದ್ದರು. ನಿಟ್ಟುಸಿರಿಲ್ಲ, ಗೊಣಗಾಟವಿಲ್ಲ. ಆ ತಾಳ್ಮೆ ನೋಡಿ ಆ ಮನುಷ್ಯನ ಕಾಲಿಗೆ ಬೀಳಬೇಕು ಎನ್ನಿಸಿತು. ನನ್ನನ್ನು ಕಂಡವರೇ ಗಾಬರಿಯಾಗಿ, "ಏನಿಲ್ಲ ಅಳಿಯಂದ್ರೇ, ಒಂದು ಹುಳ ಸೇರ್ಕಂಡಿತ್ತು, ತೆಗೀತಾ ಇದೀನಿ" ಎಂದರು.

ಆ ಹುಳ ಸಂಜೆಯ ಬಸ್ಸಿಗೇ ಚಳ್ಳಕೆರೆಗೆ ವಾಪಸು ಬಂತು.

೫. ಕಂಬಳಿ

ಕಾರ್ಮಿಕರ ದಿನ ನಮ್ಮ ಬೀದಿಯ ಸಂಘದವರು ಒಬ್ಬ ದುಡಿಯುವ ಮನುಷ್ಯನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆರಿಸಿದ್ದು ಮುಚ್ಚಿಹೋದ ನಮ್ಮ ಗಿರಣಿಯ ಹಿರಿಯ ಹಮಾಲಣ್ಣನನ್ನು. ನನ್ನ ತಕ್ಕಡಿಗೆ ಮೂಟೆ ತಂದು ಹಾಕುತ್ತಿದ್ದವನು ಅವನೇ. ಗಿರಣಿ ಮುಚ್ಚಿದ ಮರುದಿನವೇ ಒಂದು ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡಿದ್ದ. ಆಯ್ಕೆ ಸರಿಯಾಗಿತ್ತು. ನಾನು ಖುಷಿಯಿಂದ ಕುರ್ಚಿ ಜೋಡಿಸಿಕೊಟ್ಟೆ.

ಕುರ್ಚಿಗಳೇನೋ ತುಂಬಿದವು. ಆದರೆ ಕೂತವರೆಲ್ಲ ನನ್ನಂಥವರೇ, ದಿನಾ ಟೀ ಅಂಗಡಿಯಲ್ಲಿ ಸಿಗುವ ನಿರುದ್ಯೋಗಿ ಗೆಳೆಯರು. ದುಡಿಯುವವರನ್ನು ಗೌರವಿಸುವ ಸಭೆಗೆ ಬರಲು ದುಡಿಯುವವರಿಗೆ ಪುರುಸೊತ್ತೆಲ್ಲಿ? ಹಮಾಲಣ್ಣನೂ ಬರಲಿಲ್ಲ. ಲಾರಿ ಬಂದಿದೆ, ಇಳಿಸಿ ಬರುತ್ತೇನೆ ಎಂದು ಹೇಳಿಕಳಿಸಿದ್ದ. ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಮುಖ್ಯ ಅತಿಥಿ ಬಂದವ್ರೆ, ಫೋಟೋದೋನು ಬಂದವ್ನೆ, ಕಂಬಳಿ ಬಂದೈತೆ. ಇಬ್ಬರದೂ ಒಂದೇ ಗಿರಣಿ ಅಲ್ವಾ, ನೀನು ಕೂತ್ಕೋ."

"ಅಣ್ಣಾ, ನಾನು ಒಂದು ಮೂಟೇನೂ ಹೊತ್ತೋನಲ್ಲ."

"ತೂಕ ಗೊತ್ತಲ್ಲ ನಿನಗೆ, ಸಾಕು ನಡಿ."

ತಲೆಗೆ ಮೈಸೂರು ಪೇಟ ಬಂತು, ಕೊರಳಿಗೆ ಹಾರ ಬಂತು, ಹೆಗಲಿಗೆ ಚಳ್ಳಕೆರೆಯ ಅಸಲಿ ಕುರಿ ಉಣ್ಣೆಯ ಕರಿ ಕಂಬಳಿ ಬಂತು. ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ಕಂಬಳಿ ಹೊದ್ದು ಕೂತವನಿಗೆ ನರಕದ ಹೆದರಿಕೆ ಮತ್ತೆಂದೂ ಇರುವುದಿಲ್ಲ. ನಿರೂಪಕರು ಹಮಾಲಣ್ಣನಿಗಾಗಿ ಬರೆದಿದ್ದ ಮಾತುಗಳನ್ನೇ ಓದಿದರು: "ಮೂವತ್ತು ವರ್ಷಗಳಿಂದ ಮೂಟೆ ಹೊತ್ತ ಹೆಗಲು ಇದು!" ನನಗೆ ಆಗ ಮೂವತ್ತನಾಲ್ಕು. ವೇದಿಕೆಯಲ್ಲಿ ಪಕ್ಕ ಕೂತಿದ್ದ ಒಬ್ಬ ಅಧಿಕಾರಿ ನನ್ನ ಮುಖ ನೋಡಿ, ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿ, ಕಿವಿಯಲ್ಲಿ ಕೇಳಿದರು: "ನಾಲ್ಕನೇ ವಯಸ್ಸಿಗೇ ನಿಮ್ಮನ್ನ ಮೂಟೆ ಹೊರೋಕೆ ಇಟ್ಕೊಂಡಿದ್ರಾ? ಆ ಗಿರಣಿ ಈಗ ಎಲ್ಲಿದೆ?"

"ಮುಚ್ಚಿಹೋಯ್ತು ಸಾರ್."

"ಮುಚ್ಚಲೇಬೇಕಿತ್ತು" ಎಂದು ಅವರು ಸಮಾಧಾನದಿಂದ ತಲೆಯಾಡಿಸಿದರು.

ಮುಖ್ಯ ಅತಿಥಿಗಳು ನನ್ನ ಕಡೆ ಕೈ ತೋರಿಸಿ ಮಾತಾಡಿದರು. "ಕೆಲಸ ಇಲ್ಲ, ಕೆಲಸ ಇಲ್ಲ ಎಂದು ಗೊಣಗುವ ಯುವಕರು ಇವರನ್ನು ನೋಡಿ ಕಲಿಯಬೇಕು." ನನ್ನ ಟೀ ಅಂಗಡಿಯ ಗೆಳೆಯರು ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆಯನ್ನೂ ಹಾಕಿದ. ಆಮೇಲೆ ನನ್ನ ಕೈಗೇ ಮೈಕು ಬಂತು. ಇನ್ನು ಸಹಿಸಲು ಆಗಲಿಲ್ಲ. "ಈ ಗೌರವಕ್ಕೆ ನಾನು ಯೋಗ್ಯನಲ್ಲ. ನಾನು ಏನೂ ಕೆಲಸ ಮಾಡಿದವನಲ್ಲ. ಇದು ನಮ್ಮ ಹಮಾಲಣ್ಣನಿಗೆ ಸೇರಬೇಕು" ಎಂದು ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಮುಖ್ಯ ಅತಿಥಿಗಳು ಎದ್ದು ನಿಂತರು. "ನೋಡಿ, ಎಂಥ ವಿನಯ!" ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸನ್ಮಾನ ಮಾಡಿಸಿಕೊಂಡವರೆಲ್ಲ ಯಾವಾಗಲೂ ಇದನ್ನೇ ಹೇಳುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಸಭೆ ಮುಗಿದದ್ದೇ, ಪೇಟ ಬಿಚ್ಚುವ ಪುರುಸೊತ್ತೂ ಇಲ್ಲದೆ ಮಂಡಿಗೆ ಓಡಿದೆ. ಹಮಾಲಣ್ಣ ಅರ್ಧ ಇಳಿಸಿದ ಲಾರಿಯ ನೆರಳಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ನಡೆದದ್ದನ್ನು ಹೇಳಿ ಕಂಬಳಿಯನ್ನು ಅವನ ಮುಂದೆ ಹಿಡಿದೆ. ಅವನು ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ತಿರುಗಿ ನನ್ನ ಹೆಗಲಿಗೇ ಹೊದಿಸಿದ.

"ಒಳ್ಳೇ ಉಣ್ಣೆ ಗುಮಾಸ್ತಪ್ಪಾ. ನೀನೇ ಇಟ್ಕ. ಕಂಬಳಿ ಮಲಗೋರಿಗೆ. ನನಗೆ ಕೆಲ್ಸ ಐತೆ."

ಅವನು ಚುಚ್ಚಲು ಹೇಳಿದ್ದಲ್ಲ, ಆದರೂ ನನಗೆ ಚುಚ್ಚಿತು. ಮಗಳ ಶಾಲೆ ಶುರುವಾಗಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. "ನನಗೂ ಕೆಲಸ ಬೇಕಣ್ಣಾ" ಎಂದೆ.

ಹಮಾಲಣ್ಣ 'ಅಯ್ಯೋ ಪಾಪ' ಎನ್ನಲಿಲ್ಲ. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಮಂಡಿಯ ಒಳಗೆ ಕೂತಿದ್ದ ಸಾಹುಕಾರರಿಗೆ ಕೂಗಿದ: "ಸಾಹುಕಾರ್ರೇ, ತೂಕಕ್ಕೆ ಒಬ್ಬ ಬೇಕು ಅಂದಿದ್ರಲ್ಲ, ಇಲ್ಲಿ ಬಂದವ್ನೆ ನೋಡ್ರಿ. ನಾನು ಹೊತ್ತಿದ್ದನ್ನ ಒಂದು ಸಲಾನೂ ಕಮ್ಮಿ ಬರ್ಕಂಡೋನಲ್ಲ."

ಸಾಹುಕಾರರು ಹೊರಗೆ ಬಂದು ನೋಡಿದರು. ತಲೆಯ ಮೇಲೆ ಪೇಟ, ಕೊರಳಲ್ಲಿ ಹಾರ, ಮೈಮೇಲೆ ಕಂಬಳಿ. ಅವರು ಗಡಬಡಿಸಿ ಕೈ ಮುಗಿದರು. "ಇಂಥ ದೊಡ್ಡೋರು ನಮ್ಮ ಮಂಡಿಯಾಗೆ ಕೆಲ್ಸ ಮಾಡ್ತಾರೇನಪ್ಪಾ?"

"ಮಾಡ್ತಾನೆ ಬಿಡ್ರಿ" ಎಂದ ಹಮಾಲಣ್ಣ. "ಯಾರೋ ಹಿಂಗೆ ಪ್ಯಾಕ್ ಮಾಡಿ ಕಳ್ಸವ್ರೆ. ಬಿಚ್ಚಿದ್ರೆ ಒಳಗಿರೋದು ನಮ್ಮ ಗುಮಾಸ್ತಾನೇ." ಆಮೇಲೆ ನನ್ನ ಕಡೆ ತಿರುಗಿದ. "ನಾಳೆ ಏಳಕ್ಕೆಲ್ಲ ಬಂದ್ಬಿಡು. ಕಂಬಳಿ ಮನೆಯಾಗೆ ಇಟ್ಟು ಬಾ. ಹೊದೆಯಾಕೆ ಇಲ್ಲಿ ಗೋಣಿಚೀಲ ಐತೆ."